ಬೇಯಿಸದೆ ಬಂದ ಶಾವಿಗೆ

ಮೊನ್ನೆ ಕೇಶ್ವಾಪುರದಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಕುಳಿತಾಗ, ಮುಸಲ್ಮಾನರನ್ನು ಸಮಗ್ರವಾಗಿ ಬಲ್ಲ ಮಹನೀಯರೊಬ್ಬರು ನನ್ನ ಎಡಗಡೆಗೆ ಬಂದು ಕುಳಿತರು. ಹೋಳಿಗೆಯ ಮೇಲೆ ತುಪ್ಪ ಬೀಳುವುದಕ್ಕೆ ಮುಂಚೆಯೇ ಅವರ ಪ್ರವಚನ ಆರಂಭವಾಯಿತು. ಅವರ ಸ್ವಭಾವ ಇಂಥದು, ಅವರ ಧರ್ಮ ಹೇಳುವುದು ಇಷ್ಟು, ಅವರ ಮನೆಯೊಳಗೆ ನಡೆಯುವುದು ಹೀಗೆ ಎಂದು ಒಂದೊಂದೇ ವಿಷಯವನ್ನೆತ್ತಿ, ತೀರ್ಪು ಕೊಟ್ಟು, ಹೋಳಿಗೆಯ ತುಂಡಿನೊಡನೆ ಅದನ್ನು ನುಂಗಿ, ಮುಂದಿನ ವಿಷಯಕ್ಕೆ ಕೈಹಾಕುತ್ತಿದ್ದರು. ನಾನು ಸಾವಧಾನದಿಂದ ಕೇಳಿದೆ:

“ಅವರ ಪೈಕಿ ಯಾರ ಮನಿಗರೆ ಹೋಗೀರೇನ್ರಿ?”

“ನಾವ್ಯಾಕ ಹೋಗೂಣ್ರಿ,” ಎಂದರು ಅವರು, ನನ್ನನ್ನೇ ಅನುಮಾನದಿಂದ ನೋಡುತ್ತ. “ಅದೇನು ಹೋಗಿ ನೋಡೂದೈತಿ? ಗೊತ್ತ ಇರತೈತಿ.”

ಈ ‘ಗೊತ್ತೇ ಇರುವ’ ಜನರ ಬಗೆಗೆ ನನಗಿರುವ ತಿರಸ್ಕಾರ ಇವತ್ತಿನದಲ್ಲ. ಅಂಥವರಲ್ಲಿ ಮೊದಲಿಗರನ್ನು ನಾನು ಕಂಡದ್ದು ನಮ್ಮ ಮನೆಯಲ್ಲಿಯೇ. ಅವರು ನಮ್ಮ ಕಾಕಾ, ಅಂದರೆ ನನ್ನ ತಂದೆಯ ತಮ್ಮ. ಹುಬ್ಬಳ್ಳಿಯ ಕಮರಿಪೇಟೆಗೆ ಹೊಂದಿಕೊಂಡ ಓಣಿಯಲ್ಲಿ ನಮ್ಮ ಮನೆ. ತಂದೆಯವರದು ಹತ್ತಿಯ ವ್ಯಾಪಾರ. ಕಾಕಾ ಅವರು ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಪಾಲುದಾರರು. ಕೊರಳಲ್ಲಿ ಲಿಂಗ, ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಅನ್ಯರ ಧರ್ಮ. ಅವರು ಮಲಗುವ ಗಾದಿಯ ಹತ್ತಿಯನ್ನು ಹಿಂಜಿದವನು ಮುಸಲ್ಮಾನ, ಅವರ ಕೋಟು ಹೊಲಿದವನು ಮುಸಲ್ಮಾನ, ಅವರ ಹೆಂಡತಿ, ನಮ್ಮ ಕಾಕುವಿನ ಕೈಗೆ ಬಳೆ ಇಡುವವನು ಮುಸಲ್ಮಾನ. ಆ ಗಾದಿಯ ಮೇಲೆ, ಆ ಕೋಟು ತೊಟ್ಟು, ಆ ಬಳೆಗಳ ಸಪ್ಪಳ ಕೇಳುತ್ತ ಕುಳಿತು ಅವರು, “ಸಾಬರನ್ನ ಹತ್ತರ ಬಿಟ್ಕೋಬಾರದು” ಎಂದು ನಮಗೆ ಬೋಧಿಸುತ್ತಿದ್ದರು.

ನನಗೆ ಮುಸಲ್ಮಾನರ ಮೇಲೆ ಸಿಟ್ಟೇ ಇರಲಿಲ್ಲವೆಂದು ಓದುಗರು ತಿಳಿಯಬಾರದು. ಯಾರ ತಪ್ಪನ್ನೂ ಮರೆಯುವ ಅಭ್ಯಾಸ ನನಗಿಲ್ಲ. ನನ್ನ ಮ್ಯಾಟ್ರಿಕ್ ಪರೀಕ್ಷೆಗೆಂದು ಒಂದು ಕೋಟು ಹೊಲಿಯಲು ಹಾಕಿದ್ದೆ. ಪರೀಕ್ಷೆಯ ಹಿಂದಿನ ದಿನ ಕೊಡುತ್ತೇನೆಂದು ದರ್ಜಿ ಮಾತು ಕೊಟ್ಟಿದ್ದ. ಹೋಗಿ ಕೇಳಿದರೆ ಕೋಟಿಗೆ ಒಂದೇ ತೋಳು. “ರೋಜಾ ಐತ್ರಿ ತಮ್ಮಾರ, ಮಧ್ಯಾನ್ನದ ಮ್ಯಾಲ ಕೈ ನಡಗತಾವು” ಎಂದ. ಉಪವಾಸದ ಪುಣ್ಯ ಅವನಿಗೆ ಸಂದಿತು. ಕಾಕಾ ಅವರ ಮೊಳಕಾಲಿನವರೆಗಿನ ಕೋಟು ತೊಟ್ಟು ಪರೀಕ್ಷೆಗೆ ಹೋಗುವ ಪಾಡು ನನಗೆ ಬಂದಿತು. ಅವನನ್ನು ನಾನು ಈವರೆಗೂ ಕ್ಷಮಿಸಿಲ್ಲ. ಆದರೆ ನಮ್ಮ ಅಂಗಡಿಯ ಗುಮಾಸ್ತ ಶ್ರಾವಣ ಸೋಮವಾರಗಳಂದು ಒಪ್ಪತ್ತು ಮಾಡಿ, ಮಧ್ಯಾಹ್ನದ ಹೊತ್ತಿಗೆ ಹತ್ತಿಯ ಅಂಡಿಗೆಗೆ ಒರಗಿ ಗೊರಕೆ ಹೊಡೆಯುತ್ತಿದ್ದನಲ್ಲ, ಅದನ್ನು ಕಾಕಾ ಭಕ್ತಿ ಎನ್ನುತ್ತಿದ್ದರು. ದರ್ಜಿಯದು ಮಾತ್ರ ಆ ಜಾತಿಯ ಮೈಗಳ್ಳತನ. ಒಂದೇ ಹಸಿವಿಗೆ ಎರಡು ಹೆಸರು ಇಡುವ ಈ ಜಾಣತನವನ್ನೂ ನಾನು ಕ್ಷಮಿಸಿಲ್ಲ.

ಆ ಧರ್ಮದ ವಿಷಯವಾಗಿ ನನ್ನ ಮೊದಲ ಸಂಶೋಧನೆ ನಡೆದದ್ದು ಇನ್ನೂ ಚಿಕ್ಕವನಿದ್ದಾಗ. ಮಸೀದಿಯಲ್ಲಿ ಏನೋ ಭಯಂಕರವಾದದ್ದನ್ನು ಬಚ್ಚಿಟ್ಟಿದ್ದಾರೆಂದು ಕಾಕಾ ಹೇಳಿದ್ದರಿಂದ, ಒಂದು ಮಧ್ಯಾಹ್ನ ಬಾಗಿಲಿನ ಸಂದಿಯಿಂದ ಇಣುಕಿ ನೋಡಿದೆ. ಗುಡಿಸಿದ ನೆಲ, ಸುತ್ತಿಟ್ಟ ಚಾಪೆ, ಗೋಡೆಗೆ ಸುಣ್ಣ. ಮತ್ತೇನೂ ಇಲ್ಲ. ಓಡಿ ಬಂದು ಅವ್ವನಿಗೆ ವರದಿ ಒಪ್ಪಿಸಿದೆ.

“ಅವ್ವಾ, ಅವರ ದೇವರನ್ನ ಯಾರೋ ಒಯ್ದಾರ.”

ಅವ್ವ ಅಕ್ಕಿ ಆರಿಸುತ್ತಿದ್ದಳು. ಆ ವರ್ಷವೇ ನಮ್ಮ ಓಣಿಯ ಗುಡಿಯಿಂದ ಬೆಳ್ಳಿಯ ಮುಖವಾಡ ಕಳುವಾಗಿತ್ತು. “ಒಯ್ಯಾಕ ಬರದಂಥಾ ದೇವರ ಇಟಗೊಂಡಾರಪ್ಪ, ಶಾಣ್ಯಾರು,” ಎಂದಳು, ಮೊರದಿಂದ ತಲೆ ಎತ್ತದೆ. ಮುಂದೆ ಕಾಲೇಜಿನಲ್ಲಿ ಆ ವಿಷಯದ ಮೇಲೆ ಎಷ್ಟೋ ಘನವಾದ ಉಪನ್ಯಾಸಗಳನ್ನು ಕೇಳಿದೆ. ಇದಕ್ಕಿಂತ ಹೆಚ್ಚಿನದೇನೂ ತಿಳಿಯಲಿಲ್ಲ.

ಕಾಕಾ ಅವರ ಜಿನ್ನಿನಲ್ಲಿ ಎಂಜಿನ್ನು ನೋಡಿಕೊಳ್ಳುವ ಮಿಸ್ತ್ರಿ ಬಾಬುಸಾಬರು. ಅವರ ಮನೆ ನಮ್ಮ ಹಿತ್ತಲಿಗೆ ಬೆನ್ನು ಮಾಡಿ ನಿಂತಿತ್ತು. ತಂದೆಯವರಿಗೂ ಅವರಿಗೂ ಬಾಲ್ಯದ ಸ್ನೇಹ. ನಾನು ಅವರನ್ನು ಚಾಚಾ ಎಂದೂ, ಅವರ ಹೆಂಡತಿ ಫಾತಿಮಾಬಿಯನ್ನು ಚಾಚಿ ಎಂದೂ ಕರೆಯುತ್ತಿದ್ದೆ. ಪ್ರತಿ ರಮಜಾನದ ಹಬ್ಬಕ್ಕೆ ಅವರ ಮನೆಯಿಂದ ನಮ್ಮಲ್ಲಿಗೆ ಒಂದು ತಾಟು ಬರುತ್ತಿತ್ತು. ಅದರಲ್ಲಿ ಹಸಿ ಶಾವಿಗೆ, ಸಕ್ಕರೆ, ಖಜೂರಿ, ಬದಾಮು, ಚಾರೋಳಿ. ಮೇಲೆ ಹೊಸ ಬಿಳಿಯ ವಸ್ತ್ರ. ಹಬ್ಬದ ದಿನ ಅವರ ಮನೆಗಳಲ್ಲಿ ಮಾಡುವ ಸುರಕುಂಬಾ ಎಂಬ ಪಾಯಸಕ್ಕೆ ಬೇಕಾದುದೆಲ್ಲ ಅಲ್ಲಿರುತ್ತಿತ್ತು. ಬೇಯಿಸಿದ್ದು ಮಾತ್ರ ಒಂದೂ ಇರುತ್ತಿರಲಿಲ್ಲ. ಅವರು ಬೇಯಿಸಿದ್ದನ್ನು ನಾವು ಉಣ್ಣುವವರಲ್ಲವೆಂದು, ನಮ್ಮ ಪಾಲಿನ ಹಬ್ಬವನ್ನು ಅವರು ಹಸಿಯಾಗಿಯೇ ಕಳಿಸುತ್ತಿದ್ದರು. ಶಾವಿಗೆ, ಸಕ್ಕರೆ ನಮ್ಮವರದೇ ಕಿರಾಣಿ ಅಂಗಡಿಯವು. ಪುಡಿಕೆಯ ದಾರವನ್ನು ಕೂಡ ಚಾಚಿ ಬಿಚ್ಚುತ್ತಿರಲಿಲ್ಲ. ಹಾಲು ನಮ್ಮ ಎಮ್ಮೆಯದು, ಒಲೆ ನಮ್ಮದು, ಕೈ ಅವ್ವನದು. ಕೊಟ್ಟವರನ್ನು ಬದಿಗಿಟ್ಟು ಕೊಟ್ಟದ್ದನ್ನಷ್ಟೆ ಸ್ವೀಕರಿಸುವ ಈ ಏರ್ಪಾಟಿನಲ್ಲಿ ಯಾರಿಗೂ ಏನೂ ವಿಚಿತ್ರ ಕಂಡಿರಲಿಲ್ಲ. ನಮ್ಮ ಮನೆಯಿಂದ ಯುಗಾದಿಗೆ ಅವರಲ್ಲಿಗೆ ಹೋಗುತ್ತಿದ್ದ ಹೋಳಿಗೆ ಮಾತ್ರ ಬಿಸಿಬಿಸಿಯಾಗಿ, ಬೆಂದೇ ಹೋಗುತ್ತಿತ್ತು.

ಇದು ವಿಚಿತ್ರವೆಂದು ನನಗೆ ಹೊಳೆದದ್ದು ಧಾರವಾಡದ ಕಾಲೇಜು ಸೇರಿದ ಮೇಲೆ. ಹತ್ತೊಂಬತ್ತು ವರ್ಷಕ್ಕೆ ಮನುಷ್ಯನಿಗೆ ಹೊಳೆಯದ ವಿಷಯವೇ ಇರುವುದಿಲ್ಲ. ವಸತಿಗೃಹದ ಚರ್ಚಾಕೂಟದಲ್ಲಿ ಸಹಭೋಜನದ ಮೇಲೆ ನಾನೊಂದು ಭಾಷಣ ಮಾಡಿದೆ. ಜಾತಿಯ ಗೋಡೆಗಳನ್ನು ಅರ್ಧ ಗಂಟೆಯಲ್ಲಿ ಕೆಡವಿ ಇಳಿದು ಬಂದಾಗ ಚಪ್ಪಾಳೆಯೋ ಚಪ್ಪಾಳೆ. ನನ್ನ ಕೋಣೆಯ ಜೊತೆಗಾರ ಕುಲಕರ್ಣಿ ಮಾತ್ರ ಅಡಕೆ ಕತ್ತರಿಸುತ್ತ ಕುಳಿತಿದ್ದ.

“ಭಾಷಣ ಛಲೋ ಆತು,” ಎಂದ ಅವನು. “ಯಾರ ಮನ್ಯಾಗ ಉಂಡ ಬಂದ ಮಾಡಿದಿ?”

“ರಮಜಾನಕ್ಕ ಉಣ್ಣಾಂವದೇನಿ. ಬೇಕಾದ್ರ ಬಂದ ನೋಡು.”

“ಬರ್ತೀನಿ. ಇನ್ನ ಇಬ್ಬರನ್ನೂ ಕರಕೊಂಡ ಬರ್ತೀನಿ. ಸಾಕ್ಷಿ ಬೇಕಲ್ಲ.”

ನಾನು ಹಿಂದಿನ ದಿನವೇ ಮನೆಗೆ ಬಂದಿದ್ದೆ. ಹಬ್ಬದ ದಿನ ಹುಬ್ಬಳ್ಳಿಯ ಸ್ಟೇಶನ್ನಿನಲ್ಲಿ ಆ ಮೂವರನ್ನೂ ಇಳಿಸಿಕೊಂಡು ಬಾಬುಸಾಬರ ಮನೆಗೆ ನಡೆದೆ. ನಮ್ಮ ಓಣಿಯನ್ನು ತಪ್ಪಿಸಿ, ಸುತ್ತು ಹಾಕಿ ನಡೆದೆನೆಂಬುದನ್ನು ಇಲ್ಲಿ ಬರೆಯಲೇಬೇಕು. ಕ್ರಾಂತಿಯ ಮಾರ್ಗವನ್ನು ಕಾಕಾ ಅವರ ಕಟ್ಟೆಯ ಮುಂದಿನಿಂದ ಹಾಯಿಸುವ ಧೈರ್ಯ ನನಗಿರಲಿಲ್ಲ.

ಬಾಬುಸಾಬರು ಹೊಸ ಅಂಗಿ ತೊಟ್ಟು ಅಂಗಳದಲ್ಲಿ ನಿಂತಿದ್ದರು. ವರ್ಷದುದ್ದಕ್ಕೂ ಅವರ ಉಗುರಿನ ಸಂದಿಯಲ್ಲಿರುತ್ತಿದ್ದ ಎಂಜಿನ್ನಿನ ಎಣ್ಣೆ ಕೂಡ ಆ ದಿನ ಕಾಣದಂತೆ ತೊಳೆದಿದ್ದರು. ನಮಗೆ ಚಾಪೆ ಹಾಸಿ, ಮುಂಗೈಗೆ ಅತ್ತರು ಸವರಿ, ಬಾಳೆಹಣ್ಣು, ಖಜೂರಿ ತಂದಿಟ್ಟರು. ಒಳಗಿನಿಂದ ಹಾಲು, ಏಲಕ್ಕಿಯ ವಾಸನೆ ಬರುತ್ತಿತ್ತು. ಬಾಗಿಲಿನ ಪರದೆಯ ಕೆಳಗೆ ಚಾಚಿಯ ಪಾದಗಳು ಕಾಣುತ್ತಿದ್ದವು.

“ಚಾಚಾ, ಖಜೂರಿ ಆತು. ಸುರಕುಂಬಾ ಕೊಡ್ರಿ,” ಎಂದೆ, ಮೂವರಿಗೂ ಕೇಳುವಂತೆ.

ಅವರು ನಕ್ಕರು. “ಮುಂಜಾನೇನ ಕಳಿಸೇನಲ್ಲ ತಮ್ಮಾ. ನಿಮ್ಮವ್ವಾರು ಮಾಡಿರತಾರ. ಮನಿಗ ಹೋಗಿ ಉಣ್ಣು.”

“ನಾ ಇಲ್ಲೇ ಉಣ್ಣಾಕ ಬಂದೇನಿ.”

“ಅದಾಗೂದಿಲ್ಲ.”

“ನಾ ಜಾತಿಗೀತಿ ಬಿಟ್ಟೇನ್ರಿ ಚಾಚಾ.”

“ನೀ ಬಿಟ್ಟಿರಬೌದು. ನಿಮ್ಮ ಕಾಕಾ ಬಿಟ್ಟಾರೇನು?” ಅವರು ದನಿ ತಗ್ಗಿಸಿದರು. “ನಾಳೆ ಅವರು ನಿನಗ ಏನೂ ಮಾಡಂಗಿಲ್ಲ. ನನಗ ಜಿನ್ನಿನ ಬಾಗಲಾ ತಗಿಯಂಗಿಲ್ಲ. ಬಾಳೆಹಣ್ಣರೆ ತಿನ್ನು, ತಮ್ಮಾ.”

ಇಂಥ ಅಪಮಾನ ನನ್ನ ಜನ್ಮದಲ್ಲಿ ಆಗಿರಲಿಲ್ಲ. ಮೈಲಿಗೆಯಾಗಲು ಸಿದ್ಧನಾಗಿ ನಾನೇ ಹೋದರೆ, ನನ್ನ ಮಡಿಯನ್ನು ಕಾಯಲು ಒಬ್ಬ ಮುಸಲ್ಮಾನ ಅಡ್ಡ ನಿಲ್ಲಬೇಕೆ? ಚಪ್ಪಲಿ ಮೆಟ್ಟಿಕೊಂಡು, ಹಬ್ಬದ ಶುಭಾಶಯವನ್ನೂ ಹೇಳದೆ ಹೊರಬಿದ್ದೆ. ನನ್ನ ಅವಮಾನದ ಎದುರಿಗೆ ಅವರ ಹೊಟ್ಟೆಪಾಡು ಎಷ್ಟು ಸಣ್ಣದಾಗಿ ಕಂಡಿತೆಂದರೆ, ಅವರು ಅದನ್ನು ಬಾಯಿ ಬಿಟ್ಟು ಹೇಳಿದ್ದರೂ ಅದು ನನ್ನ ಕಿವಿಗೆ ಮುಟ್ಟಿರಲಿಲ್ಲ.

ಮರಳುವ ಗಾಡಿಯಲ್ಲಿ ನಾಲ್ವರೂ ಮುಖ ಇಳಿಬಿಟ್ಟು ಕುಳಿತೆವು. ಇಡೀ ವಸತಿಗೃಹಕ್ಕೆ ಹೇಳಿ ಹೊರಟವರು ಈಗ ಏನೆಂದು ಹೇಳುವುದು? ದಾರಿ ಕಂಡವನು ಕುಲಕರ್ಣಿಯೇ.

“ಖಜೂರಿ ತಿಂದೇವಿಲ್ಲೋ? ಅದನ್ನ ಒಂಚೂರು ಎಳದು ಉದ್ದ ಮಾಡಿ ಹೇಳೂದು. ಯಾರು ಬಂದು ಕೇಳತಾರ?”

ನಾವು ಉಂಡೆವೆಂದೇ ಹೇಳಿದೆವು. ನಾನಂತೂ ಅಷ್ಟಕ್ಕೇ ನಿಲ್ಲಲಿಲ್ಲ. ಮುಂದಿನ ಚರ್ಚಾಕೂಟದಲ್ಲಿ ಎದ್ದು ನಿಂತು, ಆ ಬಟ್ಟಲು ಹೇಗಿತ್ತು, ಶಾವಿಗೆ ನಾಲಿಗೆಯ ಮೇಲೆ ಹೇಗೆ ಜಾರಿತು, ಒಂದೊಂದು ಚಮಚೆಗೂ ಒಂದೊಂದು ಶತಮಾನದ ಅಜ್ಞಾನ ಹೇಗೆ ಕರಗಿತು ಎಂದು ವರ್ಣಿಸಿದೆ. ವರ್ಣಿಸಿದ್ದು ನಮ್ಮ ಅವ್ವ ಮಾಡುತ್ತಿದ್ದ ಸುರಕುಂಬಾದ ರುಚಿಯನ್ನು. ಬೇರೆ ರುಚಿ ನನಗೆ ಗೊತ್ತಿರಲಿಲ್ಲ. ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿ ಬಿತ್ತು.

ಧಾರವಾಡದಲ್ಲಿ ಬಿದ್ದ ಚಪ್ಪಾಳೆ ಹುಬ್ಬಳ್ಳಿಗೆ ಮುಟ್ಟಲು ಬಹಳ ದಿನ ಹಿಡಿಯುವುದಿಲ್ಲ. ವಾರ ತುಂಬುವುದರೊಳಗೆ ಗುಮಾಸ್ತ ಬಂದು ನನ್ನನ್ನು ಕರೆದೊಯ್ದ. ನಮ್ಮ ಪಡಸಾಲೆಯಲ್ಲಿ ಕಾಕಾ, ತಂದೆ, ಓಣಿಯ ಐದಾರು ಜನ ಹಿರಿಯರು ಕುಳಿತಿದ್ದರು. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೆಳಗೆ ಅಂಗಳದಲ್ಲಿ, ಜಿನ್ನಿನಿಂದ ನೆಟ್ಟಗೆ ಕರೆಸಿಕೊಂಡಿದ್ದ ಬಾಬುಸಾಬರು, ಎಣ್ಣೆಯ ಕೈಯನ್ನು ಒಂದು ಚಿಂದಿಗೆ ಒರೆಸುತ್ತ ನಿಂತಿದ್ದರು.

“ನಮ್ಮ ಹುಡುಗಗ ನಿಮ್ಮ ಮನ್ಯಾಗ ಉಣ್ಣಾಕ ಹಾಕೀಯೇನು?” ಎಂದು ಕಾಕಾ ಕೇಳಿದರು.

ಬಾಬುಸಾಬರು ಒಮ್ಮೆ ನನ್ನತ್ತ ನೋಡಿದರು. ಇಲ್ಲವೆಂದರೆ ಸ್ನೇಹಿತನ ಮಗನನ್ನು ಹತ್ತು ಜನರೆದುರು ಸುಳ್ಳನನ್ನಾಗಿ ಮಾಡಿದಂತೆ. ಹೌದೆಂದರೆ ತಾವೇ ಸುಳ್ಳು ಹೇಳಿದಂತೆ. ಮೂವತ್ತು ದಿನ ಬಾಯಿ ಕಟ್ಟಿ ಆಗಷ್ಟೆ ಹಬ್ಬ ಮಾಡಿದ ಮನುಷ್ಯ ಅವರು.

“ಹುಡುಗನ್ನ ಕೇಳ್ರಿ, ಸಾವಕಾರ್ರ. ಅಂವ ಹೇಳತಾನ,” ಎಂದರು.

“ಅಂದ್ರ ಹಾಕೀದಿ.”

ಬಾಬುಸಾಬರು ಚಿಂದಿಯ ಮಗ್ಗುಲು ಬದಲಿಸಿ ಮತ್ತೆ ಕೈ ಒರೆಸತೊಡಗಿದರು.

“ನಾಳಿಂದ ಜಿನ್ನಿಗೆ ಬರಬ್ಯಾಡ. ನಾ ಬ್ಯಾರೆ ಮಿಸ್ತ್ರೀನ್ನ ನೋಡಕೋತೇನಿ.”

ಹದಿನೆಂಟು ವರ್ಷ ಆ ಎಂಜಿನ್ನಿನ ಉಸಿರು ಕೇಳಿದವರ ಕೆಲಸ ಅಷ್ಟು ಮಾತಿನಲ್ಲಿ ಹೋಯಿತು. ಅದನ್ನು ಉಳಿಸಲು ನಾನು ಒಂದೇ ಶಬ್ದ ಆಡಿದರೆ ಸಾಕಿತ್ತು. ನಾನು ಕಂಬಕ್ಕೆ ಒರಗಿ ನಿಂತಿದ್ದೆ, ಆಡಲಿಲ್ಲ. ಧಾರವಾಡದಲ್ಲಿ ನನ್ನ ಹೆಸರೇನಾದೀತೆಂದು ಯೋಚಿಸುತ್ತಿದ್ದೆ. ಬಾಬುಸಾಬರು ಚಿಂದಿಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಬಾಗಿಲತ್ತ ತಿರುಗಿದರು.

ಆಗ ಕಾಕಾ ನನ್ನ ತಂದೆಯ ಕಡೆ ನೋಡಿ ಹೇಳಿದರು: “ಇವನ್ನೂ ಕಾಲೇಜ ಬಿಡಸು. ಅಯ್ಯನೋರನ್ನ ಕರಸಿ ಮತ್ತೊಮ್ಮೆ ದೀಕ್ಷಾ ಕೊಡಸೂಣು. ಅಂಗಡ್ಯಾಗ ಕುಂಡರ್ಲಿ.”

“ನಾ ಉಂಡಿಲ್ಲ,” ಎಂದೆ.

ನನ್ನ ಬಾಯಿಂದ ಸತ್ಯ ಬಂದದ್ದು ಹೀಗೆ. ಅವರ ಕೆಲಸ ಹೋದಾಗ ತೆರೆಯದ ಬಾಯಿ ನನ್ನ ಕಾಲೇಜು ಹೋಗುವಾಗ ತಾನಾಗಿ ತೆರೆಯಿತು. ಉಂಡಿಲ್ಲವೆಂದೂ, ಕೇಳಿದರೂ ಚಾಚಾ ಕೊಡಲಿಲ್ಲವೆಂದೂ, ನಾವು ನಾಲ್ವರೂ ಸುಳ್ಳು ಹೇಳಿದೆವೆಂದೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಬೈಗುಳಕ್ಕೆ ಸಿದ್ಧನಾಗಿ ನಿಂತವನಿಗೆ ಸಿಕ್ಕದ್ದು ಬೇರೆಯೇ. ಪಡಸಾಲೆಯೆಲ್ಲ ಒಮ್ಮೆಲೆ ಹಗುರಾಯಿತು. ಹಿರಿಯರೊಬ್ಬರು ನಕ್ಕರು. “ಹುಡುಗೂರ ಚ್ಯಾಷ್ಟಿ,” ಎಂದರು. ಕಾಕಾ ಎದ್ದು ಬಂದು ನನ್ನ ಬೆನ್ನು ತಟ್ಟಿ, “ನಮ್ಮ ರಕ್ತ ಹಂಗ ಕೆಡೂದಿಲ್ಲ ಅಂತ ನನಗ ಗೊತ್ತಿತ್ತು,” ಎಂದರು. ಅವರಿಗೆ ಗೊತ್ತೇ ಇರುತ್ತಿತ್ತು. ಸುಳ್ಳು ಹೇಳಿದ್ದಕ್ಕೆ ಯಾರೂ ನನ್ನನ್ನು ಗದರಲಿಲ್ಲ. ನಾನು ಸುಳ್ಳನೆಂದು ತಿಳಿದು ಅಷ್ಟು ಸಂತೋಷಪಟ್ಟ ಜನರನ್ನು ಮತ್ತೆ ನಾನು ಕಂಡಿಲ್ಲ. ಅಂಗಳದಲ್ಲಿ ನಿಂತವರ ಕ್ಷಮೆ ಕೇಳಬೇಕೆಂಬುದು ಒಬ್ಬರಿಗೂ ತೋಚಲಿಲ್ಲ. ಕಾಕಾ ಅವರಂತೂ ತಪ್ಪು ಬಾಬುಸಾಬರದೇ ಎಂಬಂತೆ ನುಡಿದರು:

“ಮೊದಲ ಹೇಳಬಾರದಿತ್ತೇನೋ ಮಾರಾಯಾ? ಹೋಗು, ಹೋಗು. ಎಂಜಿನ್ನ ಬಿಟ್ಟ ಬಂದೀದಿ.”

“ಹೂಂನ್ರಿ,” ಎಂದು ಬಾಬುಸಾಬರು ಹೋದರು.

ಪಡಸಾಲೆಯಲ್ಲಿ ತಲೆ ಎತ್ತದೆ ಕುಳಿತಿದ್ದವರು ತಂದೆಯವರೊಬ್ಬರೇ. ಎಲ್ಲರೂ ಎದ್ದ ಮೇಲೆ ಅವರು ನನ್ನ ಬಳಿಗೆ ಬಂದು, “ಹೋಗಿ ಅವನ ಕಾಲ ಹಿಡದ ಬಾ,” ಎಂದರು. ಅಷ್ಟೇ ಹೇಳಿದರು. ತಮ್ಮನೆದುರು ಅದನ್ನು ಹೇಳುವ ಧೈರ್ಯ ಅವರಿಗೂ ಇರಲಿಲ್ಲವೆಂಬುದನ್ನು ನಾನು ಗಮನಿಸದೆ ಬಿಡಲಿಲ್ಲ.

ಹಿತ್ತಲಿನ ಬಾಗಿಲಿನಿಂದ ಹೋದೆ. ಬಾಬುಸಾಬರು ನೆಟ್ಟಗೆ ಜಿನ್ನಿಗೆ ಹೋಗಿದ್ದರು. ಚಾಚಿ ಬಾವಿಯ ಹತ್ತಿರ ಕುಳಿತು ಬೋಗುಣಿ ತಿಕ್ಕುತ್ತಿದ್ದಳು. ಪಡಸಾಲೆಯ ಮಾತೆಲ್ಲ ಗೋಡೆ ದಾಟಿ ಅವಳ ಕಿವಿಗೆ ಬಿದ್ದಿತ್ತು. ನಾನು ಏನೇನೋ ಹೇಳಿದೆ. ತಪ್ಪಾಯಿತೆಂದೆ, ಕಾಕಾ ಅವರನ್ನು ಬೈದೆ, ಜಾತಿಪದ್ಧತಿಯನ್ನು ಬೈದೆ, ಕೊನೆಗೆ, “ಅವತ್ತು ಚಾಚಾ ಒಂದ ಬಟ್ಟಲಾ ಕೊಟ್ಟಿದ್ರ ಇದೆಲ್ಲಾ ಆಗತಿದ್ದಿಲ್ಲ,” ಎಂದು ಆ ಮೂಲ ಅಪಮಾನವನ್ನೂ ಅವಳಿಗೆ ನೆನಪಿಸಿದೆ.

ಚಾಚಿ ಬೂದಿಯ ಕೈಯನ್ನು ಹಾಗೆಯೇ ಬೋಗುಣಿಯೊಳಗೆ ನಿಲ್ಲಿಸಿದಳು.

“ನಾ ಬಟ್ಟಲಾ ತುಂಬಕೊಂಡು ಪರದೇದ ಹಿಂದ ನಿಂತಿದ್ದೆ,” ಎಂದಳು. “ನಿಮ್ಮ ಚಾಚಾ ಬ್ಯಾಡಂದ್ರೂ ಕೊಡಾಕಿದ್ದೆ. ನನಗ ಯಾ ಜಿನ್ನಿನ ಅಂಜಿಕಿ? ಮೂರ ಮಂದಿನ್ನ ನೋಡಾಕಂತ ಕರಕೊಂಡ ಬಂದಿದ್ದಿ. ಅವರ ಮಾರಿ ನೋಡಕೋತ ಕೇಳಿದಿ. ನೀ ಹಸದ ಬಂದಿದ್ದಿಲ್ಲ, ತಮ್ಮಾ.”

ಅವಳು ಮತ್ತೆ ತಿಕ್ಕತೊಡಗಿದಳು. ಹಬ್ಬದ ದಿನ ಗೆಳೆಯರ ಗಾಡಿ ಬರುವುದಕ್ಕೆ ಮುಂಚೆ, ಸಾಬರ ಮನೆಯದು ಒಂದು ಚಮಚೆಗಿಂತ ಹೆಚ್ಚು ನನ್ನ ಗಂಟಲಲ್ಲಿ ಇಳಿದೀತೋ ಇಲ್ಲವೋ ಎಂಬ ಅಂಜಿಕೆಯಿಂದ, ನಾನು ಅವ್ವನ ಕೈಯಲ್ಲಿ ಎರಡು ರೊಟ್ಟಿ, ಪಲ್ಯ, ಮೇಲೆ ಮಜ್ಜಿಗೆ ಅನ್ನ ಹಾಕಿಸಿಕೊಂಡು ಹೊಟ್ಟೆ ತುಂಬ ಉಂಡೇ ಹೊರಟಿದ್ದೆ.